ಸ್ಕ್ರೀನ್ ರೀಡರ್ ಓದಬಲ್ಲ ಕನ್ನಡ, ಓದಲಾರದ ಕನ್ನಡ

ದೃಷ್ಟಿಯಿಲ್ಲದವರು ಕಂಪ್ಯೂಟರನ್ನೂ ಮೊಬೈಲನ್ನೂ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದ ನೆರವಿನಿಂದ ಕಿವಿಯಲ್ಲಿ ಓದುತ್ತಾರೆ ಎಂದು ಹೇಳಿದಾಗ, ಕೇಳಿದವರು ಸಾಮಾನ್ಯವಾಗಿ ಹಾಕುವ ಮೊದಲ ಪ್ರಶ್ನೆ ಅದು ಕನ್ನಡವನ್ನೂ ಓದುತ್ತದೆಯೇ ಎಂಬುದು. ಓದುತ್ತದೆ, ಬಹಳ ವರ್ಷಗಳಿಂದ ಓದುತ್ತಿದೆ. ಹಾಗಿದ್ದ ಮೇಲೆ ಕನ್ನಡದಲ್ಲಿ ಎಂ.ಎ. ಮಾಡಲು ಹೊರಟ ಅಂಧ ವಿದ್ಯಾರ್ಥಿಗೆ ತನ್ನ ಪಠ್ಯದ ಎಷ್ಟೋ ಪುಸ್ತಕಗಳನ್ನು ಇಂದಿಗೂ ಯಾರಾದರೂ ಪಕ್ಕದಲ್ಲಿ ಕುಳಿತು ಓದಿ ಹೇಳಬೇಕಾಗಿರುವುದು ಏಕೆ ಎಂಬುದು ಅದರ ಹಿಂದೆಯೇ ಬರಬೇಕಾದ ಪ್ರಶ್ನೆ. ಅದನ್ನು ಕೇಳುವವರು ಕಡಿಮೆ.

ನಾನು ವೃತ್ತಿಯಿಂದ ಕರಡು ತಿದ್ದುವವನು. ಕೆಲವು ವರ್ಷಗಳಿಂದ ಬಿಡುವಿನ ವೇಳೆಯಲ್ಲಿ ಅಂಧ ವಿದ್ಯಾರ್ಥಿಗಳಿಗೆ ಬೇಕಾದ ಕನ್ನಡ ಪುಸ್ತಕಗಳನ್ನು ಸ್ಕ್ರೀನ್ ರೀಡರ್ ಓದಬಲ್ಲ ಕಡತಗಳಾಗಿ ಮಾಡಿಕೊಡುವ ಕೆಲಸದಲ್ಲಿ ತೊಡಗಿದ್ದೇನೆ. ಈ ಕೆಲಸದಿಂದ ನನಗೆ ಖಚಿತವಾಗಿರುವ ಸಂಗತಿಯೆಂದರೆ, ತೊಡಕು ಇರುವುದು ಬಹುಮಟ್ಟಿಗೆ ಉಪಕರಣದಲ್ಲಲ್ಲ, ದೃಷ್ಟಿಯುಳ್ಳ ನಾವು ಕನ್ನಡವನ್ನು ಕೀಲಿಸುವ, ಕಾಪಿಡುವ ಮತ್ತು ಪ್ರಕಟಿಸುವ ರೀತಿಯಲ್ಲಿ. ಅಂಧರಿಗೆ ಸಹಾಯಕ ತಂತ್ರಜ್ಞಾನ ಒದಗಿಸುವುದೆಂದರೆ ಸಮಾರಂಭದಲ್ಲಿ ಲ್ಯಾಪ್‌ಟಾಪ್ ವಿತರಿಸುವುದು ಎಂದು ತಿಳಿದಿರುವವರಿಗೆ ಈ ಮಾತು ವಿಚಿತ್ರವಾಗಿ ಕೇಳಬಹುದಾದ್ದರಿಂದ, ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಉಪಕರಣದ ವಿಷಯ. ಸ್ಕ್ರೀನ್ ರೀಡರ್‌ಗಳಲ್ಲಿ ಹಳೆಯದೂ ಪ್ರಸಿದ್ಧವೂ ಆದ ಜಾಸ್ ಅನ್ನು ರೂಪಿಸಿದವರು ಅಮೆರಿಕದ ಟೆಡ್ ಹೆಂಟರ್. ಮೋಟಾರ್‌ಸೈಕಲ್ ಪಂದ್ಯಗಳಲ್ಲಿ ಓಡುತ್ತಿದ್ದ ಅವರು 1978ರಲ್ಲಿ ರಸ್ತೆ ಅಪಘಾತವೊಂದರಲ್ಲಿ ದೃಷ್ಟಿ ಕಳೆದುಕೊಂಡು, ಬಳಿಕ ಕಂಪ್ಯೂಟರ್ ಪ್ರೋಗ್ರಾಮಿಂಗ್ ಕಲಿತವರು. ಜಾಸ್‌ನ ಮೊದಲ ಆವೃತ್ತಿ 1989ರಲ್ಲಿ ಬಂತು. ಅದು ಒಳ್ಳೆಯ ತಂತ್ರಾಂಶವಾದರೂ ಬೆಲೆ ನಮ್ಮ ಕಡೆಯ ವಿದ್ಯಾರ್ಥಿಗಳ ಕೈಗೆ ಎಟುಕುವಂಥದ್ದಲ್ಲ. ಈ ಸ್ಥಿತಿಯನ್ನು ಬದಲಿಸಿದ್ದು ಇನ್ನೊಂದು ಸ್ಕ್ರೀನ್ ರೀಡರ್ ಆದ ಎನ್‌ವಿಡಿಎ. ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ಯುವಕ 2006ರಲ್ಲಿ ಅದನ್ನು ಬರೆಯತೊಡಗಿದರು, ಆಮೇಲೆ ಗೆಳೆಯ ಜೇಮ್ಸ್ ಟೆಹ್ ಜೊತೆಗೂಡಿದರು, ಇಬ್ಬರೂ ಅಂಧರೇ. ಕಣ್ಣಿದ್ದವರು ಹಣ ಕೊಡದೆ ಬಳಸುವ ಕಂಪ್ಯೂಟರ್ ಪರದೆಯನ್ನು ಕಣ್ಣಿಲ್ಲದವರು ಮಾತ್ರ ಹೆಚ್ಚಿಗೆ ಹಣ ತೆತ್ತು ಬಳಸಬೇಕೇ ಎಂಬ ಪ್ರಶ್ನೆಗೆ ಉತ್ತರವಾಗಿ ಅವರು ಅದನ್ನು ಉಚಿತವಾಗಿಯೂ, ಯಾರು ಬೇಕಾದರೂ ತಿದ್ದಿ ಬೆಳೆಸಬಹುದಾದ ಮುಕ್ತ ತಂತ್ರಾಂಶವಾಗಿಯೂ ಬಿಡುಗಡೆ ಮಾಡಿದರು. ಇಂದು ನಮ್ಮ ರಾಜ್ಯದ ಹಾಸ್ಟೆಲುಗಳಲ್ಲಿ ಓದುತ್ತಿರುವ ಅಂಧ ವಿದ್ಯಾರ್ಥಿಗಳ ಲ್ಯಾಪ್‌ಟಾಪ್‌ಗಳಲ್ಲಿ ನಾನು ಹೆಚ್ಚಾಗಿ ಕಂಡಿರುವುದು ಎನ್‌ವಿಡಿಎಯನ್ನೇ. ಆಂಡ್ರಾಯ್ಡ್ ಫೋನುಗಳಲ್ಲಂತೂ ಸ್ಕ್ರೀನ್ ರೀಡರ್ ಆದ ಟಾಕ್‌ಬ್ಯಾಕ್ ಜೊತೆಗೇ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಚಾಲೂ ಮಾಡಿಕೊಂಡರೆ ಸಾಕು.

ಎನ್‌ವಿಡಿಎಯೊಂದಿಗೆ ಬರುವ ಧ್ವನಿಯ ಹೆಸರು ಇಸ್ಪೀಕ್ ಎನ್‌ಜಿ. ಮನುಷ್ಯರ ದನಿಯನ್ನು ಮುದ್ರಿಸಿಕೊಂಡು ತುಂಡರಿಸಿ ಜೋಡಿಸುವ ಬದಲು, ಧ್ವನಿಯ ತರಂಗಗಳನ್ನೇ ಲೆಕ್ಕ ಹಾಕಿ ಹುಟ್ಟಿಸುವ ಹಳೆಯ ವಿಧಾನವನ್ನು ಅದು ಅನುಸರಿಸುವುದರಿಂದ, ನೂರಕ್ಕೂ ಹೆಚ್ಚು ಭಾಷೆಗಳನ್ನು ಆಡಬಲ್ಲ ಆ ತಂತ್ರಾಂಶ ಕೆಲವೇ ಎಂಬಿಗಳಲ್ಲಿ ಮುಗಿಯುತ್ತದೆ. ಕನ್ನಡ ಅದರಲ್ಲಿ ಒಂದು. ಬರೆದಂತೆ ಓದುವ ಗುಣ ಕನ್ನಡಕ್ಕೆ ಬಹುಮಟ್ಟಿಗೆ ಇರುವುದೂ, ಹಿಂದಿಯಲ್ಲಿ ಆಗುವಂತೆ ಪದದ ಕೊನೆಯ ಅಕಾರ ಉಚ್ಚಾರಣೆಯಲ್ಲಿ ಬಿದ್ದುಹೋಗದಿರುವುದೂ ಇಂತಹ ನಿಯಮಾಧಾರಿತ ಧ್ವನಿಗೆ ಅನುಕೂಲವೇ ಆಗಿದೆ. ಮೊದಲ ಸಲ ಕೇಳಿದವರಿಗೆ ಅದು ತಗಡಿನ ಡಬ್ಬಿಯೊಳಗಿಂದ ಯಾರೋ ಮಾತನಾಡಿದಂತೆ ಕೇಳಿಸುತ್ತದೆ. ನಮ್ಮ ಮನೆಯವರು ಇಂದಿಗೂ ಆ ದನಿ ಕೇಳಿದರೆ ಬಾಗಿಲು ಮುಂದೆ ಮಾಡುತ್ತಾರೆ. ಇದಕ್ಕಿಂತ ಇಂಪಾದ ಕನ್ನಡ ಧ್ವನಿಗಳು, ಗೂಗಲಿನದೂ ಸೇರಿ, ಈಗ ದೊರೆಯುತ್ತವೆ. ಆದರೂ ದಿನಕ್ಕೆ ನಾಲ್ಕಾರು ಗಂಟೆ ಓದುವ ಅಂಧರಲ್ಲಿ ಅನೇಕರು ಇಸ್ಪೀಕನ್ನೇ ಇಟ್ಟುಕೊಳ್ಳಲು ಕಾರಣವಿದೆ. ರೂಢಿಯಾದ ಕಿವಿ ಸಾಮಾನ್ಯ ಮಾತಿನ ಎರಡು ಮೂರು ಪಟ್ಟು ವೇಗದಲ್ಲಿ ಕೇಳುತ್ತದೆ. ಆ ವೇಗದಲ್ಲಿ ಇಂಪಾದ ಧ್ವನಿಗಳ ಅಕ್ಷರಗಳು ಒಂದರೊಳಗೊಂದು ಕಲಸಿಹೋಗುತ್ತವೆ, ಯಾಂತ್ರಿಕವಾದ ಇಸ್ಪೀಕಿನ ಅಕ್ಷರಗಳು ಬಿಡಿಬಿಡಿಯಾಗಿಯೇ ಉಳಿಯುತ್ತವೆ. ಭಾಷಣ ಕೇಳುವಾಗ ಬೇಕಾದ ಮಾಧುರ್ಯ ಬೇರೆ, ಪರೀಕ್ಷೆಯ ಹಿಂದಿನ ರಾತ್ರಿ ಇನ್ನೂರು ಪುಟ ಮುಗಿಸುವಾಗ ಬೇಕಾದ ಸ್ಪಷ್ಟತೆ ಬೇರೆ.

ಇಲ್ಲಿಯವರೆಗಿನದು ಒಳ್ಳೆಯ ಸುದ್ದಿ. ಸ್ಕ್ರೀನ್ ರೀಡರ್ ಪರದೆಯ ಮೇಲಿನ ಅಕ್ಷರದ ಆಕಾರವನ್ನು ನೋಡುವುದಿಲ್ಲ, ಆ ಆಕಾರದ ಹಿಂದೆ ಕಂಪ್ಯೂಟರ್ ಇಟ್ಟುಕೊಂಡಿರುವ ಸಂಕೇತವನ್ನು ಓದುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದು ಅರ್ಥವಾಗುತ್ತದೆ.

ಯೂನಿಕೋಡ್ ಎಂಬ ಜಾಗತಿಕ ಶಿಷ್ಟತೆಯಲ್ಲಿ ಕನ್ನಡದ ಅಕ್ಷರಗಳಿಗೆ 1991ರ ಮೊದಲ ಆವೃತ್ತಿಯಿಂದಲೇ ತಮ್ಮದೇ ಆದ ಸ್ಥಾನಗಳಿವೆ. ಆದರೆ ಆ ಶಿಷ್ಟತೆಯನ್ನು ಅರಿತು ಕನ್ನಡವನ್ನು ಸರಿಯಾಗಿ ಮೂಡಿಸುವ ಕಂಪ್ಯೂಟರುಗಳು ಜನರ ಕೈಗೆ ಬರಲು ಹತ್ತು ಹನ್ನೆರಡು ವರ್ಷಗಳೇ ಹಿಡಿದವು. ಅಷ್ಟು ಕಾಲ ಕಾಯಲು ನಮ್ಮ ಪತ್ರಿಕೆಗಳಿಗಾಗಲಿ, ಪ್ರಕಾಶಕರಿಗಾಗಲಿ, ಕಚೇರಿಗಳಿಗಾಗಲಿ ಸಾಧ್ಯವಿರಲಿಲ್ಲ. ಆದ್ದರಿಂದ ಇಂಗ್ಲಿಷ್ ಮತ್ತು ಯುರೋಪಿನ ಇತರ ಭಾಷೆಗಳ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳು ಬಂದವು. ಶ್ರೀಲಿಪಿ, ಪ್ರಕಾಶಕ್ ಮುಂತಾದ ಡಿಟಿಪಿ ತಂತ್ರಾಂಶಗಳು ಒಂದೊಂದೂ ತನ್ನದೇ ಕ್ರಮದಲ್ಲಿ ಹೀಗೆ ಮಾಡಿದವು. ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಇವು ಕನ್ನಡದ ಕೀಲಿಸುವಿಕೆಯನ್ನು ಸಾಮಾನ್ಯ ಜನರವರೆಗೂ ತಂದವು. ಈ ಕೆಲಸ ಮಾಡಿದವರ ಬಗ್ಗೆ ನನಗೆ ಗೌರವವೇ ಹೊರತು ಆಕ್ಷೇಪವಿಲ್ಲ, ಏಕೆಂದರೆ ಆ ಫಾಂಟುಗಳಿಲ್ಲದಿದ್ದರೆ 1990ರ ದಶಕದ ಕನ್ನಡ ಪುಸ್ತಕೋದ್ಯಮವೇ ಕಂಪ್ಯೂಟರಿನ ಹೊರಗೆ ನಿಂತಿರುತ್ತಿತ್ತು. ಮುಂದೆ ಬರಹವೂ ನುಡಿಯೂ ಯೂನಿಕೋಡನ್ನು ಅಳವಡಿಸಿಕೊಂಡವು. ಹಳೆಯ ಫಾಂಟಿನಲ್ಲಿ ಕೀಲಿಸುವ ರೂಢಿ ಮಾತ್ರ ನಿಲ್ಲಲಿಲ್ಲ.

ಅಂತಹ ಕಡತವನ್ನು ಸ್ಕ್ರೀನ್ ರೀಡರ್ ಹೇಗೆ ಓದುತ್ತದೆ ಎಂಬುದಕ್ಕೆ ಉದಾಹರಣೆಯಾಗಿ 'ಕನ್ನಡ' ಎಂಬ ಪದವನ್ನೇ ತೆಗೆದುಕೊಳ್ಳಬಹುದು. ನುಡಿಯ ಹಳೆಯ ಫಾಂಟಿನಲ್ಲಿ ಕೀಲಿಸಿದ ಈ ಪದದ ಮೇಲೆ ಒಂದೊಂದೇ ಅಕ್ಷರವಾಗಿ ಹೋದರೆ ಕೇಳಿಸುವುದು ಹೀಗೆ: ಪಿ, ಎ ಗ್ರೇವ್, ಪೌಂಡ್, ಎ ಗ್ರೇವ್, ಜರ್ಮನ್ ಭಾಷೆಯ ಜೋಡಿ ಎಸ್, ಕ್ಯೂ, ಎ ಗ್ರೇವ್. ಪರದೆಯ ಮೇಲೆ ಅದು ಚೆಂದದ 'ಕನ್ನಡ'ವೇ ಆಗಿ ಕಾಣುತ್ತಿರುತ್ತದೆ, ಏಕೆಂದರೆ ಆ ಫಾಂಟಿನಲ್ಲಿ ಇಂಗ್ಲಿಷಿನ ಪಿ ಎಂಬುದು ಕಕಾರದ ಮೈ, ಫ್ರೆಂಚರ ಎ ಗ್ರೇವ್ ಎಂಬುದು ತಲೆಕಟ್ಟು, ಬ್ರಿಟಿಷರ ಪೌಂಡಿನ ಗುರುತು ನಕಾರದ ಮೈ, ಜರ್ಮನರ ಎಸ್ ನಮ್ಮ ನಾವತ್ತು. ಒಂದು ಪುಟವನ್ನು ಹೀಗೆ ಕೇಳಿಸಿಕೊಂಡು ನೋಡಿ. ಎಷ್ಟು ವರ್ಷ ಕನ್ನಡ ಓದಿದ್ದರೂ ಒಂದು ಪದವೂ ತಿಳಿಯುವುದಿಲ್ಲ.

ಹಳೆಯ ಫಾಂಟಿನ ಪಠ್ಯವನ್ನು ಯೂನಿಕೋಡಿಗೆ ತರುವ ಪರಿವರ್ತಕಗಳಿವೆಯಲ್ಲ ಎಂದು ಬಲ್ಲವರು ಹೇಳುತ್ತಾರೆ. ಇವೆ, ಜಾಲದಲ್ಲಿ ಉಚಿತವಾಗಿಯೇ ಸಿಗುತ್ತವೆ, ನಾನೂ ದಿನವೂ ಬಳಸುತ್ತೇನೆ. ಆದರೆ ಹಳೆಯ ಫಾಂಟಿನಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಕುಳಿತಿರುತ್ತವೆಯೇ ಹೊರತು ಉಚ್ಚರಿಸುವ ಕ್ರಮದಲ್ಲಲ್ಲ. 'ಕರ್ನಾಟಕ' ಎನ್ನುವಾಗ ರಕಾರವನ್ನು ನಾಕಾರಕ್ಕಿಂತ ಮೊದಲು ನುಡಿಯುತ್ತೇವೆ, ಯೂನಿಕೋಡ್ ಕೂಡ ಅದನ್ನು ಮೊದಲೇ ಇಡುತ್ತದೆ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ನಾಕಾರದ ಬಲಕ್ಕೆ ಕಾಣುವುದರಿಂದ ಅದರ ಆಮೇಲೆಯೇ ಇರುತ್ತದೆ. ಪರಿವರ್ತಕ ಅದನ್ನು ಹಿಂದಕ್ಕೆ ತಂದು ಕೂರಿಸಬೇಕು, ಒತ್ತಿನ ಕೆಳಗಿನ ಒತ್ತನ್ನು ಗುರುತಿಸಬೇಕು, ನಡುವೆ ಬಂದ ನಿಜವಾದ ಇಂಗ್ಲಿಷ್ ಪದವನ್ನು ಕನ್ನಡವೆಂದು ತಿಳಿದು ಕೆಡಿಸದೆ ಬಿಡಬೇಕು. ನುಡಿ ಮತ್ತು ಬರಹದ ಕಡತಗಳನ್ನು ಪರಿವರ್ತಕಗಳು ಬಹಳ ಚೆನ್ನಾಗಿ ನಿಭಾಯಿಸುತ್ತವೆ. ಪುಟವಿನ್ಯಾಸ ಮಾಡುವವರು ಒತ್ತು ಅಕ್ಷರಕ್ಕೆ ಸರಿಯಾಗಿ ಹೊಂದಲೆಂದು ಕೈಯಿಂದ ಸರಿಸಿ ಅಂಟಿಸಿದ ಪೇಜ್‌ಮೇಕರ್ ಕಡತಗಳಲ್ಲಿ ಮಾತ್ರ ಎಲ್ಲ ಲೆಕ್ಕವೂ ತಪ್ಪುತ್ತದೆ, ಮತ್ತು ನಮ್ಮ ಒಳ್ಳೆಯ ವಿಮರ್ಶಾ ಸಂಕಲನಗಳು, ಸಂಪಾದಿತ ಕಾವ್ಯಗಳು, ವಿಶ್ವವಿದ್ಯಾಲಯಗಳ ಪ್ರಕಟಣೆಗಳು ಎಷ್ಟೋ ಇರುವುದು ಅಂತಹ ಕಡತಗಳಲ್ಲಿಯೇ.

ಹಾಗೆಂದು ಯೂನಿಕೋಡಿನಲ್ಲಿ ಕೀಲಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದು ನಂಬಬಾರದು. ಯೂನಿಕೋಡ್ ಕಡತಗಳಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿರುವುದು ಸೊನ್ನೆ. ಕನ್ನಡದ ಅನುಸ್ವಾರವೂ ಕನ್ನಡದ ಅಂಕಿ ಸೊನ್ನೆಯೂ ನೋಡಲು ಒಂದೇ ತೆರನಾದ ವೃತ್ತಗಳು, ಸಂಕೇತಗಳು ಮಾತ್ರ ಬೇರೆ. ಅನುಸ್ವಾರದ ಕೀಲಿ ಸಿಗದವರು, ಅಥವಾ ಸೊನ್ನೆ ಇನ್ನಷ್ಟು ದುಂಡಗೆ ಕಾಣುತ್ತದೆಂದು ಭಾವಿಸಿದವರು, 'ಬೆಂಗಳೂರು' ಎಂಬಲ್ಲಿ ಅನುಸ್ವಾರದ ಬದಲು ಸೊನ್ನೆಯನ್ನು ಒತ್ತಿಬಿಡುತ್ತಾರೆ. ಓದುವ ಕಣ್ಣಿಗೆ ಏನೂ ವ್ಯತ್ಯಾಸ ತಿಳಿಯುವುದಿಲ್ಲ. ಸ್ಕ್ರೀನ್ ರೀಡರ್ ಮಾತ್ರ ಬೆ ಎಂದು ನಿಂತು, ಸೊನ್ನೆ ಎಂದು ಹೇಳಿ, ಗಳೂರು ಎಂದು ಮುಗಿಸುತ್ತದೆ. ಹಾವೇರಿ ಕಡೆಯ ವಿದ್ಯಾರ್ಥಿನಿಯೊಬ್ಬರಿಗೆ ಇಂತಹ ಲೇಖನವೊಂದನ್ನು ಕಳುಹಿಸಿದ್ದಾಗ ಅವರು ಫೋನಿನಲ್ಲಿ ನಗುತ್ತ, "ಸರ, ನಿಮ್ಮ ಕಣ್ಣಿಗೆ ಎರಡೂ ಒಂದ ಕಾಣ್ತಾವ, ನಮ್ಮ ಕಿವಿಗೆ ಬ್ಯಾರೆ ಬ್ಯಾರೆ ಕೇಳ್ತಾವ್ರಿ. ಇದರಾಗ ಪ್ಯಾರಾಕ್ಕ ಹತ್ತು ಸೊನ್ನಿ ಅದಾವ" ಎಂದರು. ಆ ಲೇಖನವನ್ನು ಮೂರು ಜನ ಕರಡು ನೋಡಿ ಒಪ್ಪಿಗೆ ಕೊಟ್ಟಿದ್ದರು.

ಇದೇ ಜಾತಿಯ ತೊಡಕುಗಳು ಇನ್ನೂ ಇವೆ. ಶೀರ್ಷಿಕೆ ಅಗಲವಾಗಿ ಕಾಣಲೆಂದು ಅಕ್ಷರಗಳ ನಡುವೆ ಸ್ಪೇಸ್ ಬಾರ್ ಒತ್ತಿ 'ಮು ನ್ನು ಡಿ' ಎಂದು ಕೀಲಿಸಿದರೆ ಸ್ಕ್ರೀನ್ ರೀಡರ್ ಅದನ್ನು ಮೂರು ಪದಗಳಾಗಿ ಓದುತ್ತದೆ. 'ರ‍್ಯಾಂಕ್' ಎಂಬಲ್ಲಿ ರಕಾರವನ್ನು ಅರ್ಕಾವತ್ತಾಗಿಸದೆ ಪೂರ್ಣವಾಗಿ ಉಳಿಸಲು ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದನ್ನು ನಡುವೆ ಇಡಬೇಕಾಗುತ್ತದೆ. ಕೆಲವು ಧ್ವನಿಗಳು ಅದರ ಬಳಿ ಎಡವುತ್ತವೆ. ಅಧ್ಯಾಯದ ಹೆಸರನ್ನು ವರ್ಡ್‌ನ ಹೆಡಿಂಗ್ ಶೈಲಿಯಲ್ಲಿ ಇಡದೆ ಬರಿದೆ ದಪ್ಪ ಅಕ್ಷರ ಮಾಡಿಬಿಟ್ಟರೆ, ಎಚ್ ಕೀಲಿ ಒತ್ತಿ ಅಧ್ಯಾಯದಿಂದ ಅಧ್ಯಾಯಕ್ಕೆ ಜಿಗಿಯುವ ಅನುಕೂಲ ಇಲ್ಲವಾಗುತ್ತದೆ. ಕಣ್ಣಿದ್ದವರು ಪುಟ ಮಗುಚಿ ಹುಡುಕುವುದನ್ನು ಇವರು ಪುಸ್ತಕದ ಆರಂಭದಿಂದ ಕೇಳುತ್ತ ಹುಡುಕಬೇಕಾಗುತ್ತದೆ. ಕೀಲಿಸುವ ಹೊತ್ತಿನಲ್ಲೇ ಗಮನಿಸಿದರೆ ಈ ಒಂದೊಂದನ್ನೂ ತಪ್ಪಿಸಲು ಬೇಕಾಗುವ ಶ್ರಮ ಶೂನ್ಯಕ್ಕೆ ಸಮ.

ಪಿಡಿಎಫ್ ಬಗ್ಗೆ ಹೇಳಲು ನನಗೆ ಸಮಾಧಾನ ಸಾಲದು. ಮುದ್ರಣಕ್ಕೆ ಅದಕ್ಕಿಂತ ಒಳ್ಳೆಯ ರೂಪವಿಲ್ಲ, ಓದಿಸಲು ಅದಕ್ಕಿಂತ ತಲೆನೋವಿನ ರೂಪವಿಲ್ಲ. ಪಿಡಿಎಫ್ ಕಡತ ಮೂಲತಃ ಯಾವ ಆಕಾರವನ್ನು ಪುಟದ ಯಾವ ಜಾಗದಲ್ಲಿ ಇಡಬೇಕೆಂಬುದರ ಪಟ್ಟಿ. ಆ ಆಕಾರ ಯಾವ ಅಕ್ಷರ ಎಂಬ ಮಾಹಿತಿಯನ್ನು ಅದರೊಳಗೆ ಬೇರೆಯಾಗಿ ಸೇರಿಸಬೇಕು. ಒತ್ತಕ್ಷರ, ಗುಣಿತಾಕ್ಷರಗಳಿಂದ ಕೂಡಿದ ಕನ್ನಡದಂತಹ ಲಿಪಿಯಲ್ಲಿ ಈ ಮಾಹಿತಿ ಅನೇಕ ಸಲ ಅರೆಬರೆಯಾಗಿರುತ್ತದೆ. ಆದ್ದರಿಂದಲೇ ಯೂನಿಕೋಡಿನಲ್ಲಿ ಕೀಲಿಸಿದ ವರ್ಡ್ ಕಡತವನ್ನು ಪಿಡಿಎಫ್ ಮಾಡಿ, ಅದರಿಂದ ಒಂದು ಸಾಲನ್ನು ನಕಲಿಸಿ ಬೇರೆಡೆ ಅಂಟಿಸಿದಾಗ ಒತ್ತುಗಳು ಮಾಯವಾಗಿರುವುದನ್ನೋ ಅಕ್ಷರಗಳು ಹಿಂದುಮುಂದಾಗಿರುವುದನ್ನೋ ನೀವೂ ಕಂಡಿರಬಹುದು. ನೀವು ಅಂಟಿಸಿದಾಗ ಕಂಡದ್ದನ್ನೇ ಸ್ಕ್ರೀನ್ ರೀಡರ್ ಓದುತ್ತದೆ. ಪಿಡಿಎಫ್ ಕೊಡುವವರು ಅದರ ಜೊತೆಗೆ ವರ್ಡ್ ಕಡತವನ್ನೋ ಇಪಬ್ ಎಂಬ ಇ-ಪುಸ್ತಕದ ಕಡತವನ್ನೋ ಕೊಟ್ಟರೆ ಈ ಇಡೀ ಪ್ಯಾರಾಗ್ರಾಫಿನ ಸಂಕಟ ಇರುವುದಿಲ್ಲ. ವಚನ ಸಂಚಯದಂತಹ ಜಾಲತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳು ಯೂನಿಕೋಡ್ ಪಠ್ಯವಾಗಿಯೇ ಇರುವುದರಿಂದ, ಅಲ್ಲಿ ಅಂಧ ಸಂಶೋಧಕರೂ ದೃಷ್ಟಿಯುಳ್ಳವರೂ ಒಂದೇ ಸಮನಾಗಿ ಪದ ಹುಡುಕಬಲ್ಲರು. ಆ ತಾಣವನ್ನು ರೂಪಿಸಿದ್ದು ಅಂಧರಿಗೆಂದೇ ಅಲ್ಲ, ಕನ್ನಡವನ್ನು ಸರಿಯಾಗಿ ಇಟ್ಟದ್ದಷ್ಟೇ.

ಇನ್ನು ಕಡತವೇ ಇಲ್ಲದ, ಮುದ್ರಿತ ಪ್ರತಿ ಮಾತ್ರ ಉಳಿದಿರುವ ಪುಸ್ತಕಗಳಿವೆ. ಕಚೇರಿಗಳಲ್ಲಿ ಕೀಲಿಸಿ, ಮುದ್ರಿಸಿ, ಸಹಿ ಹಾಕಿ, ಮೊಹರು ಒತ್ತಿ, ಮತ್ತೆ ಸ್ಕ್ಯಾನ್ ಮಾಡಿ ಚಿತ್ರವಾಗಿ ಜಾಲತಾಣಕ್ಕೆ ಏರಿಸುವ ಆದೇಶಗಳೂ ಇವೆ. ಅಂಗವಿಕಲರಿಗೆ ಸಂಬಂಧಪಟ್ಟ ಸುತ್ತೋಲೆಯೇ ಹೀಗೆ ಚಿತ್ರರೂಪದಲ್ಲಿ ಪ್ರಕಟವಾಗಿ, ಅದನ್ನು ಓದಿ ಹೇಳುವಂತೆ ಅಂಧ ಗೆಳೆಯರೊಬ್ಬರು ನನಗೆ ಫೋನ್ ಮಾಡಿದ್ದುಂಟು. ಇಂತಹವುಗಳಿಗೆ ಒಸಿಆರ್, ಅಂದರೆ ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ತಂತ್ರಾಂಶವೇ ಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ಮೈಲ್ ಪ್ರಯೋಗಾಲಯ ಲಿಪಿಜ್ಞಾನಿ ಎಂಬ ಕನ್ನಡ ಒಸಿಆರ್ ಅನ್ನು ರೂಪಿಸಿದೆ. ಮುಕ್ತ ತಂತ್ರಾಂಶವಾದ ಟೆಸೆರಾಕ್ಟ್ ಕೂಡ ಕನ್ನಡವನ್ನು ಗುರುತಿಸುತ್ತದೆ, 2018ರ ನಾಲ್ಕನೆಯ ಆವೃತ್ತಿಯಲ್ಲಿ ನರಜಾಲ ಮಾದರಿಯ ಕಲಿಕೆ ಸೇರಿದ ಮೇಲೆ ಅದರ ಫಲಿತಾಂಶ ಎದ್ದುಕಾಣುವಂತೆ ಸುಧಾರಿಸಿತು. ಈಚಿನ ಆಫ್‌ಸೆಟ್ ಮುದ್ರಣದ ಪುಟವಾದರೆ ತಪ್ಪುಗಳು ಬೆರಳೆಣಿಕೆಯಷ್ಟು. ಮೊಳೆ ಜೋಡಿಸಿ ಅಚ್ಚು ಹಾಕಿದ ಕಾಲದ ಪುಟವಾದರೆ ಕಥೆ ಬೇರೆ: ದ, ಧ, ಥ ಅಕ್ಷರಗಳ ನಡುವೆ ಇರುವುದು ಒಂದು ಸೀಳು ಮತ್ತು ಒಂದು ಚುಕ್ಕೆ, ಪಕಾರ ಷಕಾರಗಳ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಗೀಟು, ಮಸಿ ಸ್ವಲ್ಪ ಹರಡಿದ್ದರೂ ಯಂತ್ರ ಒಂದನ್ನು ಇನ್ನೊಂದೆಂದು ಓದುತ್ತದೆ. ಹಳಗನ್ನಡದ ಱ ಮತ್ತು ೞ ಅಕ್ಷರಗಳಿಗೆ ಯೂನಿಕೋಡಿನಲ್ಲಿ ಸ್ಥಾನವಿದ್ದರೂ ಒಸಿಆರ್ ಅವುಗಳನ್ನು ತನಗೆ ಪರಿಚಯವಿರುವ ಬೇರಾವುದೋ ಅಕ್ಷರವಾಗಿಸುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಅಕ್ಷರ ತಿದ್ದಿದರೆ ಕೆಲಸ ಮುಗಿಯಿತೆಂದೂ ಅಲ್ಲ. ಪ್ರತಿ ಪುಟದ ನೆತ್ತಿಯಲ್ಲಿ ಅಚ್ಚಾಗಿರುವ ಪುಸ್ತಕದ ಹೆಸರು ವಾಕ್ಯದ ನಡುವೆ ಬಂದು ಕೂರುತ್ತದೆ. ಅಡಿಟಿಪ್ಪಣಿ ಪುಟದ ಕೊನೆಯಲ್ಲಿ ಇರುವುದರಿಂದ, ಮುಂದಿನ ಪುಟಕ್ಕೆ ಹರಿಯುವ ವಾಕ್ಯದ ಹೊಟ್ಟೆಯನ್ನು ಸೀಳಿಕೊಂಡು ಓದಲ್ಪಡುತ್ತದೆ. ಸಾಲಿನ ಅಂಚಿನಲ್ಲಿ ಒಡೆದ ಪದಗಳನ್ನು ಕೂಡಿಸಬೇಕು, ಷಟ್ಪದಿಯ ಸಾಲುಗಳು ಗದ್ಯದಂತೆ ಒಂದಾಗದಂತೆ ಕಾಯಬೇಕು, ಪಾಠಾಂತರಗಳ ಅಂಕಿಗಳನ್ನು ಪದ್ಯದ ಪದಗಳಿಂದ ಬಿಡಿಸಬೇಕು. ನಾನು ಕರಡು ತಿದ್ದುವಾಗ ಈಗ ಎನ್‌ವಿಡಿಎಯನ್ನು ಚಾಲೂ ಮಾಡಿಕೊಂಡೇ ಕೂರುತ್ತೇನೆ, ಏಕೆಂದರೆ ಕಣ್ಣು ತಾನು ನಿರೀಕ್ಷಿಸಿದ್ದನ್ನು ಓದಿಕೊಂಡು ಮುಂದೆ ಹೋಗುತ್ತದೆ, ಕಿವಿಗೆ ಆ ದಾಕ್ಷಿಣ್ಯವಿಲ್ಲ. ಮುದ್ರಣಕ್ಕೆ ಹೋಗುವ ಪುಸ್ತಕಗಳಿಗೂ ಈ ಕ್ರಮವನ್ನು ಅನುಸರಿಸಬಹುದೆಂದು ವೃತ್ತಿಬಾಂಧವರಿಗೆ ಹೇಳುತ್ತಿರುತ್ತೇನೆ.

ಕಿವಿಯ ಓದು ಹೀಗೆ ಸಾಧ್ಯವಾಗಿರುವಾಗ ಬ್ರೈಲ್ ಏಕೆ ಬೇಕು ಎಂದು ಕೇಳುವವರಿದ್ದಾರೆ. ಶಾಲೆಗಳಲ್ಲಿ ಬ್ರೈಲ್ ಕಲಿಸುವುದರ ಬಗ್ಗೆ ಅಸಡ್ಡೆ ಹೆಚ್ಚುತ್ತಿರುವುದಕ್ಕೆ ಈ ಪ್ರಶ್ನೆಯೂ ಒಂದು ಕಾರಣವೆಂದು ನನಗೆ ತೋರುತ್ತದೆ. ನನ್ನ ಮಟ್ಟಿಗೆ ಉತ್ತರ ಕಾಗುಣಿತದಲ್ಲಿದೆ. ವೇಗವಾಗಿ ಕೇಳುವಾಗ ಶಕಾರಕ್ಕೂ ಷಕಾರಕ್ಕೂ ಭೇದ ತಿಳಿಯುವುದಿಲ್ಲ, ದನಕ್ಕೂ ಧನಕ್ಕೂ ಇರುವ ಅಂತರ ಒಂದು ಉಸಿರಿನಷ್ಟು, ಮತ್ತು ನಮ್ಮಲ್ಲಿ ಅನೇಕರ ದಿನನಿತ್ಯದ ಮಾತಿನಲ್ಲಿ ಆ ಉಸಿರೂ ಇರುವುದಿಲ್ಲ. ಕಣ್ಣಿದ್ದ ಮಗು ಅಂಗಡಿಯ ಬೋರ್ಡುಗಳಿಂದಲೋ ಬಸ್ಸಿನ ಫಲಕಗಳಿಂದಲೋ ತನಗೆ ತಿಳಿಯದಂತೆಯೇ ಕಾಗುಣಿತ ಕಲಿಯುತ್ತದೆ. ಬರಿಯ ಕಿವಿಯಿಂದ ಓದಿದ ಮಗುವಿಗೆ ಆ ದಾರಿ ಇಲ್ಲ. ಅಂಥವರು ಪದವಿ ಮುಗಿಸಿ ಕಂಪ್ಯೂಟರಿನಲ್ಲಿ ಬರೆಯಲು ಕುಳಿತಾಗ ವಿಚಾರ ತೂಕವಾಗಿದ್ದರೂ ಮಹಾಪ್ರಾಣಗಳು ದಿಕ್ಕಾಪಾಲಾಗಿರುತ್ತವೆ, ಸಂದರ್ಶನಕ್ಕೆ ಕುಳಿತ ಸಮಿತಿಯವರಿಗೆ ಅರ್ಜಿಯಲ್ಲಿ ಕಾಣುವುದು ಅದೊಂದೇ.

ಕನ್ನಡ ಬ್ರೈಲ್ ಭಾರತೀ ಬ್ರೈಲ್‌ನ ಒಂದು ಭಾಗ. ಭಾರತದ ಭಾಷೆಗಳಿಗೆಲ್ಲ ಸಾಮಾನ್ಯವಾದ ಈ ಬ್ರೈಲ್ ಪದ್ಧತಿ 1951ರಲ್ಲಿ ರೂಪುಗೊಂಡಿತು. ಆರು ಚುಕ್ಕೆಗಳ ಕೋಶದಲ್ಲಿ ಕಕಾರಕ್ಕೆ ಒಂದು ಮತ್ತು ಮೂರನೆಯ ಚುಕ್ಕೆ, ಇಂಗ್ಲಿಷಿನ ಕೆ ಅಕ್ಷರಕ್ಕೆ ಇರುವುದೂ ಅದೇ. ಬಕಾರ, ಸಕಾರಗಳಿಗೂ ಹೀಗೆಯೇ ಸಮಾನ ಧ್ವನಿಯ ರೋಮನ್ ಅಕ್ಷರದ ಚುಕ್ಕೆಗಳೇ. ಒಂದು ಭಾಷೆಯ ಬ್ರೈಲ್ ಬಲ್ಲವರು ಇನ್ನೊಂದನ್ನು ಬೇಗ ಕಲಿಯಲಿ ಎಂಬುದು ಇದರ ಹಿಂದಿನ ಯೋಚನೆ. ಬ್ರೈಲ್‌ನಲ್ಲಿ ಅಕ್ಷರದ ಕೆಳಗೆ ಒತ್ತು ಬರೆಯಲು ಜಾಗವಿಲ್ಲ, ಎಲ್ಲವೂ ಸಾಲಾಗಿಯೇ ಬರಬೇಕು. ಆದ್ದರಿಂದ 'ಕನ್ನಡ' ಎಂಬುದು ಕ, ಆಮೇಲೆ ಸ್ವರವನ್ನು ಕಳೆಯುವ ನಾಲ್ಕನೆಯ ಚುಕ್ಕೆ, ಆಮೇಲೆ ನ, ಮತ್ತೆ ನ, ಕೊನೆಗೆ ಡ ಎಂದು ಐದು ಕೋಶಗಳಾಗಿ ಬೆರಳಿಗೆ ಸಿಗುತ್ತದೆ. ಯೂನಿಕೋಡಿನಲ್ಲಿ ಸ್ವರವನ್ನು ಕಳೆಯುವ ಗುರುತು ವ್ಯಂಜನದ ನಂತರ ಬಂದರೆ ಬ್ರೈಲ್‌ನಲ್ಲಿ ಅದು ವ್ಯಂಜನಕ್ಕಿಂತ ಮುಂಚೆಯೇ ಬರುತ್ತದೆ ಎಂಬುದಷ್ಟೇ ವ್ಯತ್ಯಾಸ, ಉಳಿದಂತೆ ಎರಡೂ ಕನ್ನಡವನ್ನು ಬಿಡಿಸುವ ಬಗೆ ಬಹಳ ಹತ್ತಿರದ್ದು. ಲಿಬ್‌ಲೂಯಿ ಎಂಬ ಮುಕ್ತ ತಂತ್ರಾಂಶ ಯೂನಿಕೋಡ್ ಕನ್ನಡವನ್ನು ತಾನಾಗಿಯೇ ಬ್ರೈಲ್ ಚುಕ್ಕೆಗಳಾಗಿ ಮಾರ್ಪಡಿಸುತ್ತದೆ, ಎನ್‌ವಿಡಿಎ ಬಳಸುವುದೂ ಅದನ್ನೇ. ಅಂದರೆ ಸರಿಯಾಗಿ ಇಟ್ಟ ಒಂದೇ ಕಡತದಿಂದ ಧ್ವನಿಯೂ ಬರುತ್ತದೆ, ಬ್ರೈಲ್ ಮುದ್ರಣವೂ ಬರುತ್ತದೆ, ಬೆರಳ ತುದಿಗೆ ಗುಂಡುಸೂಜಿಗಳಂತಹ ಚುಕ್ಕೆಗಳನ್ನು ಏಳಿಸಿ ಇಳಿಸುವ ಬ್ರೈಲ್ ಡಿಸ್‌ಪ್ಲೇಗೂ ಪಠ್ಯ ಹೋಗುತ್ತದೆ. ಕೊನೆಯ ಉಪಕರಣದ ಬೆಲೆ ಮಾತ್ರ ಒಂದು ಒಳ್ಳೆಯ ಲ್ಯಾಪ್‌ಟಾಪಿನಷ್ಟೋ ಅದಕ್ಕಿಂತ ಹೆಚ್ಚೋ ಇರುವುದರಿಂದ ನಾನು ಬಲ್ಲ ವಿದ್ಯಾರ್ಥಿಗಳಲ್ಲಿ ಯಾರ ಬಳಿಯೂ ಅದಿಲ್ಲ. ಬ್ರೈಲ್ ಪುಸ್ತಕಗಳನ್ನೂ ಧ್ವನಿ ಪುಸ್ತಕಗಳನ್ನೂ ಸಿದ್ಧಪಡಿಸುತ್ತ ಬಂದಿರುವ, 1990ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಮಿತ್ರಜ್ಯೋತಿಯಂತಹ ಸಂಸ್ಥೆಗಳೇ ಅವರಿಗೆ ಆಸರೆ.

ಕಾನೂನಿನ ವಿಷಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ, ಏಕೆಂದರೆ ಪ್ರಕಾಶಕರೊಂದಿಗೆ ಮಾತನಾಡುವಾಗ ಪದೇ ಪದೇ ಎದುರಾಗುವುದು ಇದೇ. ಪುಸ್ತಕದ ಕಡತ ಕೊಟ್ಟರೆ ಅದು ವಾಟ್ಸಾಪಿನಲ್ಲಿ ಹರಿದಾಡಿ ಮಾರಾಟ ಬಿದ್ದುಹೋಗುತ್ತದೆ ಎಂಬ ಅವರ ಅಳುಕು ಸುಳ್ಳಲ್ಲ. ಆದರೆ ಅಂಧರು ಓದಬಲ್ಲ ರೂಪಕ್ಕೆ ಪುಸ್ತಕವನ್ನು ಪರಿವರ್ತಿಸುವುದಕ್ಕೆ ಹಕ್ಕುದಾರರ ಅನುಮತಿ ಬೇಕಿಲ್ಲವೆಂದು ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿಯೇ ತಿದ್ದುಪಡಿಯಾಗಿದೆ. ಇದೇ ಆಶಯದ ಅಂತರರಾಷ್ಟ್ರೀಯ ಒಪ್ಪಂದ 2013ರಲ್ಲಿ ಮೊರಾಕ್ಕೋದ ಮರ್ರಕೇಶ್ ನಗರದಲ್ಲಿ ಅಂಗೀಕಾರವಾದಾಗ, ಅದನ್ನು ಮೊದಲು ಸ್ಥಿರೀಕರಿಸಿದ ದೇಶ ಭಾರತ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಮಾಹಿತಿ ಮತ್ತು ಸಂವಹನ ಎಲ್ಲರಿಗೂ ಎಟುಕುವಂತಿರಬೇಕೆಂದು ಹೇಳುತ್ತದೆ. ಅದರಡಿಯ ನಿಯಮಗಳು ಬರಿಯ ಸಲಹೆಯ ರೂಪದಲ್ಲಿವೆ, ಕಡ್ಡಾಯ ಮಾನದಂಡಗಳನ್ನು ಮೂರು ತಿಂಗಳಲ್ಲಿ ರೂಪಿಸಿ ಎಂದು ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಆದೇಶಿಸಿತು. 2025ರ ಏಪ್ರಿಲ್ 30ರ ಇನ್ನೊಂದು ತೀರ್ಪಿನಲ್ಲಿ, ಬ್ಯಾಂಕ್ ಖಾತೆ ಮುಂತಾದವುಗಳಿಗೆ ಗ್ರಾಹಕರನ್ನು ಗುರುತಿಸುವಾಗ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸುವಂತೆ ಕೇಳುವ ಕ್ರಮದಿಂದ ತೊಂದರೆಗೊಳಗಾದ ಆಸಿಡ್ ದಾಳಿಯ ಸಂತ್ರಸ್ತರ ಮತ್ತು ಅಂಧ ಅರ್ಜಿದಾರರ ಅಹವಾಲನ್ನು ಕೇಳಿದ ಅದೇ ನ್ಯಾಯಾಲಯ, ಡಿಜಿಟಲ್ ಸೇವೆಗಳ ಲಭ್ಯತೆ ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೇ ಎಂದಿತು. ಕಾನೂನು ಇಷ್ಟು ದೂರ ಬಂದಿದೆ. ಡಿಟಿಪಿ ಮಾಡುವವರ ಕೀಬೋರ್ಡಿನವರೆಗೆ ಬಂದಿಲ್ಲ.

ಆ ಕೀಬೋರ್ಡಿನವರನ್ನು ದೂರಿ ಪ್ರಯೋಜನವೂ ಇಲ್ಲ. ಪುಟಕ್ಕಿಷ್ಟೆಂದು ದುಡಿಯುವವರಿಗೆ, ಇಪ್ಪತ್ತು ವರ್ಷ ಕೈಗೆ ಕೂತ ಫಾಂಟನ್ನು ಬಿಟ್ಟು ಯೂನಿಕೋಡಿಗೆ ಬನ್ನಿ, ಹೆಡಿಂಗ್ ಶೈಲಿ ಬಳಸಿ, ಸೊನ್ನೆಯ ಬದಲು ಅನುಸ್ವಾರ ಒತ್ತಿ ಎಂದು ಹೇಳಬೇಕಾದವರು ಅವರಿಗೆ ಹಣ ಕೊಡುವ ಪ್ರಕಾಶಕರು ಮತ್ತು ಸಂಸ್ಥೆಗಳು. ಪುಸ್ತಕಗಳನ್ನು ಸಗಟಾಗಿ ಕೊಳ್ಳುವ ಗ್ರಂಥಾಲಯಗಳೋ ಅನುದಾನ ಕೊಡುವ ಅಕಾಡೆಮಿಗಳೋ ಯೂನಿಕೋಡ್ ಕಡತವೊಂದನ್ನು ಪುಸ್ತಕದೊಂದಿಗೆ ಸಲ್ಲಿಸಬೇಕೆಂದು ಷರತ್ತು ಹಾಕಿದರೆ, ನನ್ನಂಥವರು ಜೀವಮಾನವಿಡೀ ಕುಳಿತು ಮಾಡಲಾಗದ ಕೆಲಸ ಕೆಲವೇ ವರ್ಷಗಳಲ್ಲಿ ತಾನಾಗಿಯೇ ಆಗುತ್ತದೆ ಎಂಬುದು ನನ್ನ ನಂಬಿಕೆ.

ಸದ್ಯಕ್ಕೆ ನನ್ನ ಮೇಜಿನ ಮೇಲಿರುವುದು ಒಂದು ನಿಘಂಟಿನ ಕಡತ. ಪ್ರಕಾಶಕರು ಸಂಕೋಚಪಡದೆ ಕೊಟ್ಟರು. ಪರಿವರ್ತನೆ ಬಹುತೇಕ ಮುಗಿದಿದೆ, ಒತ್ತುಗಳೂ ಸರಿಯಾಗಿವೆ. ಉಳಿದಿದ್ದದ್ದು ಸಂಕ್ಷೇಪಗಳ ಪ್ರಶ್ನೆ: ನಾಮಪದಕ್ಕೆ ನಾ, ಕ್ರಿಯಾಪದಕ್ಕೆ ಕ್ರಿ, ಸಂಸ್ಕೃತಕ್ಕೆ ಸಂ ಎಂದು ಚುಕ್ಕಿಯೊಂದಿಗೆ ಅಚ್ಚಾಗಿರುವುದನ್ನು ಸ್ಕ್ರೀನ್ ರೀಡರ್ ಹಾಗೆಯೇ ತುಂಡಾಗಿ ಓದುವುದರಿಂದ, ಎಲ್ಲವನ್ನೂ ಬಿಡಿಸಿ ಪೂರ್ಣ ಪದವಾಗಿ ಬರೆದುಬಿಡೋಣವೇ ಎಂದು ಹಾವೇರಿಯ ಆ ವಿದ್ಯಾರ್ಥಿನಿಯನ್ನು ಕೇಳಿದೆ. ಬೇಡವೆಂದರು. ಎನ್‌ವಿಡಿಎಯಲ್ಲಿ ಬಳಕೆದಾರರೇ ಉಚ್ಚಾರಣೆಯ ಪಟ್ಟಿ ಮಾಡಿಕೊಳ್ಳುವ ಸೌಲಭ್ಯವಿದೆ, ಕ್ರಿ ಎಂದಿದ್ದರೆ ಕ್ರಿಯಾಪದ ಎಂದು ಓದು ಎಂಬುದನ್ನು ತಾವೇ ಅದರಲ್ಲಿ ಸೇರಿಸಿಕೊಳ್ಳುತ್ತಾರಂತೆ. "ಪುಸ್ತಕದಾಗ ಹೆಂಗ ಐತೋ ಹಂಗ ಇರಲ್ರಿ ಸರ. ನಾಳೆ ನಾನೂ ಒಂದು ಪ್ರಬಂಧ ಬರದ್ರ ಸಂಕ್ಷೇಪ ಹೆಂಗ ಹಾಕ್ಬೇಕಂತ ನನಗ ಗೊತ್ತಿರಬೇಕಲ್ಲ." ಬಿಡಿಸಿ ಬರೆದಿದ್ದ ಮೊದಲ ಹತ್ತು ಪುಟಗಳ ಸಂಕ್ಷೇಪಗಳನ್ನು ಈಗ ಮತ್ತೆ ಮೊದಲಿದ್ದಂತೆ ಮಾಡುತ್ತಿದ್ದೇನೆ.